ಯೋನ್‌ಶೋಪಿಂಗ್ ಪತ್ರ – 14: ದುಡ್ಡು ಬಂದರೆ ಹೊಳೆ ತಿಳಿಯಾಗುತ್ತದೆಯೇ?



ಹೋದ ಸಲ ಹಾಕಿದ ಸರೋವರದ ಫೋಟೋ ನೋಡಿ ಕಾಕಾ ಬರೆದಿದ್ದರು: "ದೇಶಕ್ಕ ದುಡ್ಡು ಬಂದ್ರ ನೀರು ತಾನಾಗೇ ತಿಳಿ ಆಗತೈತಿ. ಮೊದಲು ನಾವೂ ಗಳಿಸೋಣ ಬಿಡವ್ವಾ."

ಕಾಕಾ, ಅರ್ಥಶಾಸ್ತ್ರಜ್ಞರೂ ಹೆಚ್ಚುಕಡಿಮೆ ಹೀಗೇ ಹೇಳಿದ್ದಾರೆ. 1990ರ ದಶಕದಲ್ಲಿ ಗ್ರಾಸ್‌ಮನ್ ಮತ್ತು ಕ್ರೂಗರ್ ಎಂಬಿಬ್ಬರು ಹಲವು ದೇಶಗಳ ಲೆಕ್ಕ ನೋಡಿ, ಆದಾಯ ಏರಿದಂತೆ ಕೆಲವು ಬಗೆಯ ಮಾಲಿನ್ಯ ಮೊದಲು ಹೆಚ್ಚಿ ಆಮೇಲೆ ಇಳಿಯುತ್ತದೆ ಎಂದರು. ಆದರೆ ಅದು ತಾನಾಗಿ ಇಳಿಯುತ್ತದೆ ಎಂದು ಅವರೂ ಹೇಳಲಿಲ್ಲ.

ಈ ಊರಿನ ಕಥೆಯನ್ನೇ ನೋಡಿ. 1845ರಲ್ಲಿ ಲುಂಡ್‌ಸ್ಟ್ರಾಮ್ ಅಣ್ಣತಮ್ಮಂದಿರು ಇಲ್ಲಿ ಬೆಂಕಿಕಡ್ಡಿ ಕಾರ್ಖಾನೆ ಶುರು ಮಾಡಿದರು. ಆ ಕಾಲದ ಬೆಂಕಿಕಡ್ಡಿಯ ರಂಜಕದ ಹೊಗೆಗೆ ಕೆಲಸಗಾರರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. 1862ರಲ್ಲಿ ಊರ ನಡುವಿನ ಮುಂಕ್‌ಶೋನ್ ಸರೋವರದ ದಂಡೆಗೆ ಕಾಗದದ ಗಿರಣಿ ಬಂತು. ಊರು ಬೆಳೆಯಿತು. ಗಿರಣಿಯ ನಾರು, ಊರಿನ ಕೊಳಚೆ ಎಲ್ಲ ಸರೋವರ ಸೇರಿತು.

ಅದಾಗಿ ನೂರು ವರ್ಷದ ಮೇಲೆ, 1967ರಲ್ಲಿ ಸ್ವೀಡನ್ ಪರಿಸರಕ್ಕೆಂದೇ ಒಂದು ಸರ್ಕಾರಿ ಇಲಾಖೆ ಮಾಡಿತು. 1969ರಲ್ಲಿ ಪರಿಸರ ರಕ್ಷಣೆಯ ಕಾನೂನು ಬಂತು. 1991ರಲ್ಲಿ ಇಂಗಾಲದ ಮೇಲೂ ತೆರಿಗೆ ಹಾಕಿದರು. ಅಲ್ಲಿಂದೀಚೆಗೆ ದೇಶದ ಸಂಪತ್ತು ಏರಿದೆ, ಇಲ್ಲಿ ಹೊರಬೀಳುವ ಹಸಿರುಮನೆ ಅನಿಲ ಕಾಲುಭಾಗಕ್ಕಿಂತ ಹೆಚ್ಚು ಇಳಿದಿದೆ. ಆದರೆ ಇಲ್ಲಿಯವರು ಕೊಳ್ಳುವ ಬಟ್ಟೆ, ಫೋನುಗಳ ಹೊಗೆ ಬೇರೆ ದೇಶಗಳ ಲೆಕ್ಕಕ್ಕೆ ಹೋಗುತ್ತದೆ. ಅದನ್ನೂ ಸೇರಿಸಿದರೆ ಚಿತ್ರ ಅಷ್ಟು ಚೆಂದ ಕಾಣುವುದಿಲ್ಲ. ಮುಂಕ್‌ಶೋನ್ ಮೇಲೆ ತಿಳಿಯಾಗಿದೆ ನಿಜ, ತಳದ ಕೆಸರಿನಲ್ಲಿ ಪಾದರಸ ಇನ್ನೂ ಕೂತಿದೆ.

ನಮ್ಮ ತುಂಗಭದ್ರೆಯನ್ನು ನೆನೆಸಿಕೊಳ್ಳಿ. 1980ರ ದಶಕದಲ್ಲಿ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರೂ ಹೊಳೆದಂಡೆಯ ಜನರೂ ಹೋರಾಡಿದರು. ಆಗ ನಾವೇನು ಶ್ರೀಮಂತರಾಗಿದ್ದೆವೇ? 1974ರ ಜಲ ಕಾಯ್ದೆ ಇತ್ತು, ಕೇಳುವ ಬಾಯಿ ಇತ್ತು. 1972ರಲ್ಲಿ ಇದೇ ದೇಶದ ಸ್ಟಾಕ್‌ಹೋಮಿನಲ್ಲಿ ಇಂದಿರಾ ಗಾಂಧಿ ಬಡತನವನ್ನೂ ಪರಿಸರವನ್ನೂ ಒಟ್ಟಿಗೇ ನೋಡಬೇಕು ಎಂದು ವಾದಿಸಿದ್ದರು.

ರೋಗ ಬಲಿತ ಮೇಲೆ ಬಂದವರಿಗೂ ಔಷಧ ಕೊಡುತ್ತೇವೆ, ಆದರೆ ಗಾಯದ ಕಲೆ ಉಳಿದೇ ಉಳಿಯುತ್ತದೆ. ಗಳಿಸೋಣ ಕಾಕಾ, ಬೇಡ ಅನ್ನೋದಿಲ್ಲ. ಹೊಳೆ ಉಳಿಸೋಕೆ ಮಾತ್ರ ಶ್ರೀಮಂತರಾಗೋ ತನಕ ಕಾಯೋದು ಬೇಡ.

ನಾಳೆ ನೈಟ್ ಡ್ಯೂಟಿ. ಉಳಿದದ್ದು ಮುಂದಿನ ವಾರ.