ಕೃಷ್ಣಗಿರಿಯ ಶಾಸನಗಳು ಮತ್ತು ರಾಷ್ಟ್ರಕೂಟರ ಧರ್ಮದೃಷ್ಟಿ

ಬೋರಿವಲಿ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ಸಾಗಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಹೊಕ್ಕವರಿಗೆ ಕಾನ್ಹೇರಿಯ ಗುಡ್ಡ ಎದುರಾಗುತ್ತದೆ. ಪ್ರಾಚೀನರು ಕೃಷ್ಣಗಿರಿಯೆಂದು ಕರೆದ ಈ ಗುಡ್ಡದಲ್ಲಿ ಕಪ್ಪುಶಿಲೆಯನ್ನು ಕೊರೆದು ಮಾಡಿದ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳಿವೆ. ರಜಾದಿನಗಳಲ್ಲಿ ಅಲ್ಲಿಗೆ ಹೋಗಿಬರುವ ಮುಂಬಯಿ ಕನ್ನಡಿಗರಲ್ಲಿ ಬಹುಮಂದಿಗೆ, ಆ ಕಲ್ಲಿನ ಮೇಲೆ ಮಾನ್ಯಖೇಟದ ಅಮೋಘವರ್ಷನ ಹೆಸರು ಕೊರೆದಿದೆಯೆಂಬ ಸಂಗತಿ ತಿಳಿದಿರಲಾರದು.

ಶಕ 765, 775 ಮತ್ತು 799ರ, ಅಂದರೆ ಕ್ರಿ.ಶ. 843ರಿಂದ 878ರೊಳಗಿನ, ಮೂರು ಶಾಸನಗಳು ಅಲ್ಲಿವೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಪುಲ್ಲಶಕ್ತಿಯೂ ಅವನ ಮಗ ಎರಡನೆಯ ಕಪರ್ದಿಯೂ ಅಮೋಘವರ್ಷನನ್ನು ತಮ್ಮ ಸಾರ್ವಭೌಮನೆಂದು ಒಪ್ಪಿದ ಸಾಮಂತರು. ಶಾಸನಗಳ ವಿಷಯವಾದರೋ ಯುದ್ಧವಲ್ಲ, ದಾನ. ಮೊದಲನೆಯದರಲ್ಲಿ ಬುದ್ಧನ ಪೂಜೆಗೆ, ವಿಹಾರದ ಜೀರ್ಣೋದ್ಧಾರಕ್ಕೆ, ಭಿಕ್ಷುಗಳ ಉಡುಪಿಗೆ ಮತ್ತು ಗ್ರಂಥಗಳಿಗೆ ಬೇರೆ ಬೇರೆಯಾಗಿ ಹಣವನ್ನು ಗೊತ್ತುಮಾಡಲಾಗಿದೆ. ಎರಡನೆಯದರಲ್ಲಿ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕನು 100 ದ್ರಮ್ಮಗಳನ್ನು ಶಾಶ್ವತನಿಧಿಯಾಗಿ ಇರಿಸಿದ್ದಾನೆ. ವಂಗದ ಭಕ್ತ, ಕೊಂಕಣದ ಸಾಮಂತ, ಕನ್ನಡನಾಡಿನ ಚಕ್ರವರ್ತಿ ಹೀಗೆ ಒಂದೇ ಬಂಡೆಯ ಮೇಲೆ ಸೇರಿದರು.

ಈ ಚಕ್ರವರ್ತಿಯು ಬೌದ್ಧನಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಅವನು ಜಿನಸೇನಾಚಾರ್ಯರಲ್ಲಿ ಗುರುಭಾವವನ್ನು ಇರಿಸಿದ್ದವನು. ಅದೇ ಅರಸನು ಪ್ರಜೆಗಳ ವಿಪತ್ತನ್ನು ನಿವಾರಿಸಲೆಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ಕ್ರಿ.ಶ. 871ರ ಸಂಜಾನ್ ತಾಮ್ರಪಟವು ಹೇಳುತ್ತದೆ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಗುಣವನ್ನು ಸಂಪತ್ತಿನ ಸಾಲಿನಲ್ಲಿ ಎಣಿಸಿತು. ಆ ಮಾತು ಕಾವ್ಯದಲ್ಲಿ ಮಾತ್ರ ಉಳಿಯಲಿಲ್ಲವೆನ್ನುವುದಕ್ಕೆ ಕೃಷ್ಣಗಿರಿಯೇ ಸಾಕ್ಷಿ.

ಮುಂದಿನ ತಲೆಮಾರುಗಳಲ್ಲಿಯೂ ಈ ನಡತೆ ಕಾಣುತ್ತದೆ. ಇಂದಿನ ಪಾಲಘರ್ ಜಿಲ್ಲೆಯ ಚಿಂಚಣಿಯಲ್ಲಿ ದೊರೆತ ಕ್ರಿ.ಶ. 926ರ ತಾಮ್ರಪಟದಂತೆ, ಸಂಜಾನ್ ಮಂಡಲದ ಅಧಿಕಾರಿಯಾಗಿದ್ದವನು ಮಧುಮತಿ, ಅಂದರೆ ಮಹಮ್ಮದನೆಂಬ ಅರಬ. ಅವನು ಚಕ್ರವರ್ತಿ ಮೂರನೆಯ ಇಂದ್ರನ ಒಪ್ಪಿಗೆ ಪಡೆದು, ದೇವಿಯ ನೈವೇದ್ಯಕ್ಕೂ ಮಠದ ಅನ್ನದಾನಕ್ಕೂ ಭೂಮಿಯನ್ನು ಬಿಟ್ಟುಕೊಟ್ಟನು. ಹತ್ತನೆಯ ಶತಮಾನದ ಅರಬ ಲೇಖಕ ಅಲ್‌ಮಸೂದಿಯೂ ಬಲ್ಹರಾ ರಾಜ್ಯದಲ್ಲಿ ತನ್ನ ಮತದವರಿಗೆ ದೊರೆತ ಗೌರವವನ್ನು ಕೊಂಡಾಡಿದ್ದಾನೆ; ಬಲ್ಹರಾ ಎಂದರೆ ರಾಷ್ಟ್ರಕೂಟರ ವಲ್ಲಭರಾಜನೇ.

ಇದೆಲ್ಲವೂ ಶುದ್ಧ ಔದಾರ್ಯವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಬಂದರುಗಳ ವರಮಾನವು ವರ್ತಕರ ವಿಶ್ವಾಸವನ್ನು ಅವಲಂಬಿಸಿದ್ದಿತು. ಸ್ವಾರ್ಥವೂ ಇಲ್ಲಿ ಪಾಲುಗಾರ. ಆದರೆ ಅದೇ ಕರಾವಳಿಯ ಲಾಭವನ್ನು ಬಯಸಿ ಬಂದ ಪೋರ್ಚುಗೀಸರು 16ನೆಯ ಶತಮಾನದಲ್ಲಿ, ಬೋರಿವಲಿಯಲ್ಲಿಯೇ ಇರುವ ಮಂಡಪೇಶ್ವರದ ಶೈವಗುಹೆಯನ್ನು ತಮ್ಮ ಪ್ರಾರ್ಥನಾಸ್ಥಾನವಾಗಿಸಿ ಅದರ ಮೇಲೆ ಇಗರ್ಜಿಯನ್ನು ಕಟ್ಟಿದರು. ಅವರ ದೈವಭಕ್ತಿಯೂ ಕಪಟವಾಗಿರಲಿಲ್ಲ. ಆದ್ದರಿಂದ ಭಕ್ತಿಯ ತೀವ್ರತೆಯೊಂದೇ ಸಮಾಜದ ಸಂಸ್ಕೃತಿಯನ್ನು ನಿರ್ಣಯಿಸುವುದಿಲ್ಲ. ತಾನು ಪೂಜಿಸದ ದೈವದ ಮುಂದೆ ಭಕ್ತನು ಹೇಗೆ ನಡೆದುಕೊಳ್ಳುತ್ತಾನೆಂಬುದೇ ಅದನ್ನು ರೂಪಿಸುತ್ತದೆ.

ಕೊನೆಯದಾಗಿ ಒಂದು ಮಾತು. ಕೃಷ್ಣಗಿರಿಯ ಈ ಮೂರು ಶಾಸನಗಳ ಭಾಷೆ ಕನ್ನಡವಲ್ಲ, ಸಂಸ್ಕೃತ. “ಈ ನೆಲ ಒಮ್ಮೆ ನಮ್ಮದಾಗಿತ್ತು” ಎಂದು ಹೆಮ್ಮೆಪಡಲು ಹೊರಟವರಿಗೆ ಇದರಿಂದ ನಿರಾಶೆಯಾಗಬಹುದು. ಆದರೆ ಪರಸ್ಥಳದಲ್ಲಿ ನೆಲಸಿ, ಪರಭಾಷೆಯ ನಡುವೆ ಬಾಳುವ ನಮಗೆ ಆ ಬಂಡೆ ಬೇರೊಂದು ಹಕ್ಕನ್ನು ಕೊಡುತ್ತದೆ. ನಮ್ಮ ದೊರೆಯ ಹೆಸರಿನಡಿಯಲ್ಲಿ ಇಲ್ಲಿ ಪರರ ದೀಪಕ್ಕೆ ಎಣ್ಣೆ ದೊರೆಯಿತೆಂದು ಹೇಳಿಕೊಳ್ಳುವ ಹಕ್ಕದು. ನಮ್ಮ ನಡತೆಯೂ ಅದಕ್ಕೆ ತಕ್ಕುದಾಗಿರುವ ತನಕ ಮಾತ್ರ ಅದು ನಮ್ಮದು.