ಚಿತ್ರದುರ್ಗ ಸೀಮೆಯ ವಾಚು ರಿಪೇರಿ ಮತ್ತು ಕಳಚಿದ ಬೆಜಲ್

ಕೈಗಡಿಯಾರದ ಗಾಜನ್ನು ಸುತ್ತುವರಿದು ಹಿಡಿದಿರುವ ಲೋಹದ ಬಳೆಗೆ ಬೆಜಲ್ ಎಂದು ಹೆಸರು. ಇದು ಮೂಲದಲ್ಲಿ ಅಕ್ಕಸಾಲಿಗರ ಪದ. ಉಂಗುರದ ಹರಳು ಜಾರದಂತೆ ಅದುಮಿ ಹಿಡಿಯುವ ಅಂಚಿಗೆ ಯುರೋಪಿನಲ್ಲಿ ಹೀಗೆನ್ನುತ್ತಿದ್ದರು, ಅಲ್ಲಿಂದ ಅದು ಗಡಿಯಾರಕ್ಕೆ ಬಂತು. ಹರಳಿನ ಜಾಗದಲ್ಲಿ ಗಾಜು ಬಂತೇ ಹೊರತು ಕೆಲಸ ಬದಲಾಗಲಿಲ್ಲ. ನೋಡುವವರಿಗೆ ಬೆಜಲ್ ಬರೀ ಅಲಂಕಾರ. ರಿಪೇರಿಯವರಿಗೆ ಅದು ವಾಚಿನ ಹೊಸ್ತಿಲು. ಅದು ಕಳಚಿತೆಂದರೆ ದೂಳು, ಬೆವರು, ಮಳೆಹನಿ ಎಲ್ಲಕ್ಕೂ ಒಳಗೆ ದಾರಿ.

ದುಬಾರಿ ವಾಚುಗಳ ಚರಿತ್ರೆಯಲ್ಲಿ ಈ ಬಳೆಗೆ ದೊಡ್ಡ ಜಾಗವಿದೆ. 1926ರಲ್ಲಿ ರೋಲೆಕ್ಸ್ ಕಂಪನಿ ಹೊರತಂದ ಆಯ್‌ಸ್ಟರ್ ವಾಚಿನಲ್ಲಿ ಹಿಂಬದಿಯ ಮುಚ್ಚಳ, ಕೀ, ಬೆಜಲ್ ಮೂರೂ ತಿರುಪಿನಿಂದ ಬಿಗಿಯುವಂಥವು. ಇಂದು ಶೋಕಿಗೆಂದು ಮೆಚ್ಚುವ ಗೀರುಗೀರಿನ ಚಿನ್ನದ ಅಂಚು ಆಗ ಸಲಕರಣೆಯ ಹಿಡಿತಕ್ಕಾಗಿ ಕೊರೆದದ್ದು. ಅದೇ ಕಂಪನಿಯ 1953ರ ಸಬ್‌ಮರೀನರ್ ವಾಚಿನಲ್ಲಿ ಬಳೆ ತಿರುಗುವಂಥದ್ದು, ಮುಳುಗುಗಾರರು ನೀರಿನೊಳಗೆ ಕಳೆದ ನಿಮಿಷಗಳನ್ನು ಅದರಲ್ಲಿ ಎಣಿಸಿದರು. ತಿರುಗುವ ಬಳೆಯ ಅಡಿಯಲ್ಲಿ ಸಣ್ಣ ಸ್ಪ್ರಿಂಗು ಇರುತ್ತದೆ. ಬಳೆ ಹಾರಿದಾಗ ಆ ಸ್ಪ್ರಿಂಗೂ ಹಾರುವುದರಿಂದ ಅಂಥ ವಾಚಿನ ರಿಪೇರಿ ಇನ್ನೂ ತೊಡಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಯಂತ್ರದ ಗಡಿಯಾರಕ್ಕೆ ಮುಂಚೆ ಹೊತ್ತು ಗೊತ್ತಾಗುತ್ತಿದ್ದುದು ನೆರಳಿನಿಂದ, ನಕ್ಷತ್ರದಿಂದ, ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಅಂಥ 60 ಗಳಿಗೆ. ಮದುವೆಯ ಮುಹೂರ್ತ ನೋಡುತ್ತಿದ್ದುದೂ ಈ ಬಟ್ಟಲಿನಲ್ಲಿಯೇ. ನಿಮಿಷದ ಲೆಕ್ಕವನ್ನು ಜನರ ಬದುಕಿಗೆ ತಂದದ್ದು ಮುಖ್ಯವಾಗಿ ರೈಲು. ಬೀರೂರು–ಹರಿಹರ ದಾರಿಯ ಹೊಸದುರ್ಗ ರೋಡ್, ಚಿಕ್ಕಜಾಜೂರು ನಿಲ್ದಾಣಗಳಲ್ಲಿ ಗೋಡೆಯ ಗಡಿಯಾರವೇ ಯಜಮಾನ. ಹಿರಿಯೂರು ಹೆದ್ದಾರಿಯ ಊರಾಗಿ, ಬಸ್ಸಿನ ವೇಳೆಗೆ ಒಗ್ಗಿಕೊಂಡಿತು.

ಕೈಗಡಿಯಾರ ಮಾತ್ರ ಬಹುಕಾಲ ಉಳ್ಳವರ ಸೊತ್ತಾಗಿತ್ತು. ವೆಸ್ಟ್ ಎಂಡ್, ಫೇವರ್ ಲೂಬಾ ಮುಂತಾದವೆಲ್ಲ ಸ್ವಿಸ್ ವಾಚುಗಳು. ಸ್ವಾತಂತ್ರ್ಯದ ನಂತರ ಆಮದು ಬಿಗಿಯಾದಾಗ ಅವು ಇನ್ನೂ ದುರ್ಲಭವಾದವು. ಈ ಕೊರತೆಯನ್ನು ನೀಗಿದ್ದು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಅದರ ವಾಚು ಕಾರ್ಖಾನೆ ಶುರುವಾಯಿತು, ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಚಿತ್ರದುರ್ಗದಿಂದ ಹಿರಿಯೂರು, ಶಿರಾ ಹಾದು ಬೆಂಗಳೂರಿಗೆ ಹೋಗುವ ಬಸ್ಸಿನ ದಾರಿಯಲ್ಲೇ ತುಮಕೂರಿದೆ. ಸ್ವಿಟ್ಜರ್‌ಲೆಂಡಿನಿಂದ ಬರಬೇಕಿದ್ದ ವಸ್ತು ನೆರೆಯ ಜಿಲ್ಲೆಯಲ್ಲಿ ತಯಾರಾಗತೊಡಗಿದ್ದು ಸಣ್ಣ ಸಂಗತಿಯಲ್ಲ.

ಈ ಸೀಮೆಯಲ್ಲಿ ಐಷಾರಾಮಿ ವಾಚು ಎಂದರೆ ಬಹುಪಾಲು ಮನೆಗಳಿಗೆ ಮದುವೆಯ ವಾಚು. ವರನಿಗೆ ಉಂಗುರ, ಸೂಟಿನ ಜೊತೆ ವಾಚು ಕೊಡುವುದು ರೂಢಿಯಾಯಿತು. ಹೀಗೆ ಗಳಿಗೆ ಬಟ್ಟಲು ಇದ್ದ ಮದುವೆಮನೆಗೆ ವಾಚು ಉಡುಗೊರೆಯಾಗಿ ಬಂತು. ಎಚ್‌ಎಂಟಿಯ ಚಿನ್ನದ ಲೇಪದ ತೆಳು ಸೋನಾ, ತಾನಾಗಿ ಕೀ ತುಂಬಿಕೊಳ್ಳುವ ಕಾಂಚನ್ ಮಾದರಿಗಳಿಗೆ ಆಗ ಬಲು ಬೇಡಿಕೆ. ಅಂಥ ವಾಚು ಹಬ್ಬಕ್ಕೆ, ಜಾತ್ರೆಗೆ, ಸಂಬಂಧ ನೋಡಲು ಹೋಗುವಾಗ ಕೈಗೇರಿ, ಉಳಿದ ದಿನ ಬೀರುವಿನಲ್ಲಿರುತ್ತಿತ್ತು. ಅದರ ಬಳೆ ಕಳಚಿದರೆ ಹೊಸದು ಕೊಳ್ಳುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ, ರಿಪೇರಿಯೇ ದಾರಿ.

ಎಚ್‌ಎಂಟಿಯ ಎಲ್ಲ ಮಾದರಿಗಳಲ್ಲಿ ಬಳೆ ಬೇರೆಯಾಗಿರಲಿಲ್ಲ, ಕೆಲವುಗಳಲ್ಲಿ ಅದೂ ಕೇಸೂ ಒಂದೇ ತುಂಡು. ಬೇರೆಯಾಗಿದ್ದಲ್ಲಿ ಅದನ್ನು ಹಿಡಿದಿದ್ದುದು ಕೂದಲೆಳೆಯಷ್ಟು ಅಂಚು ಮಾತ್ರ. ಬಳೆಯನ್ನು ಆ ಅಂಚಿನ ಮೇಲೆ ಅದುಮಿದಾಗ ಅದು ಟಕ್ಕೆಂದು ಕೂರುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಈ ಅಂಚಿಗೆ ಮೊದಲ ಶತ್ರು ದೂಳು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಅದಿರು ನೆಲದ ಕೆಂಪು ದೂಳು ಬೆವರಿನೊಡನೆ ಸೇರಿ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಬೆವರಿನ ಉಪ್ಪು ಲೇಪವನ್ನು ತಿಂದು ಅಡಿಯ ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ, ಒಳಗಿನ ರಬ್ಬರು ಒಣಗಿ ಪುಡಿಯಾಗುತ್ತದೆ. ಆಮೇಲೆ ಬಾಗಿಲಿಗೋ ಬಸ್ಸಿನ ಕಂಬಿಗೋ ಒಮ್ಮೆ ತಗುಲಿದರೂ ಸಾಕು. ಬಳೆ ಬಿದ್ದ ದಿನ ಕೆಟ್ಟದ್ದಲ್ಲ ಅದು, ವರ್ಷಗಟ್ಟಲೆ ಕೆಡುತ್ತ ಬಂದದ್ದು.

ಪೇಟೆ ಬೀದಿಯಲ್ಲೋ ಬಸ್ ನಿಲ್ದಾಣದ ಬಳಿಯೋ ಗಾಜಿನ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಮಸೂರ ಸಿಕ್ಕಿಸಿ ಕೂತ ರಿಪೇರಿಯವರ ಕೆಲಸ ನೋಡುವುದರಿಂದ ಶುರುವಾಗುತ್ತದೆ. ಮೊದಲು ಯಂತ್ರವನ್ನೂ ಡಯಲನ್ನೂ ಹೊರತೆಗೆದು ಗಂಟೆಯಾಕಾರದ ಗಾಜಿನಡಿ ಮುಚ್ಚಿಡಬೇಕು. ಕೇಸಿನ ಅಂಚನ್ನೂ ಬಳೆಯ ಒಳಗನ್ನೂ ಪೆಟ್ರೋಲಿನಲ್ಲಿ ತೊಳೆದು, ಮೊಂಡು ಕಡ್ಡಿಯಿಂದ ಕೆರೆದು ಕೊಳೆ ತೆಗೆಯಬೇಕು. ಬಹಳಷ್ಟು ಬಳೆಗಳು ಇಷ್ಟಕ್ಕೇ ಮತ್ತೆ ಕೂರುತ್ತವೆ. ಕೂರದಿದ್ದರೆ ಅದನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಅಲುಗಾಡುತ್ತದೆಯೇ ಎಂದು ನೋಡುತ್ತಾರೆ. ಸೊಟ್ಟಗಾಗಿದ್ದರೆ ಮರದ ಅಚ್ಚಿನ ಮೇಲೆ ಮರದ ಸುತ್ತಿಗೆಯಿಂದ ತಟ್ಟಿ ದುಂಡಗೆ ಮಾಡುತ್ತಾರೆ. ಕಬ್ಬಿಣ ತಾಗಿಸಿದರೆ ಲೇಪ ಹೋಗುತ್ತದೆ. ನಂತರ ಹೊಸ ರಬ್ಬರು, ಗಾಜು, ಬಳೆ ಕ್ರಮವಾಗಿ ಇಟ್ಟು ಕೈಒತ್ತಿನ ಪ್ರೆಸ್ಸಿನಲ್ಲಿ ಸುತ್ತಲೂ ಒಂದೇ ಸಮ ಅದುಮುತ್ತಾರೆ. ಬೆರಳಿನಿಂದ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಇಲ್ಲವೇ ಗಾಜು ಬಿರಿಯುತ್ತದೆ.

ಅಂಟು ಹಾಕುವುದು ಈ ಕೆಲಸದಲ್ಲಿ ದೊಡ್ಡ ತಪ್ಪು. ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿ ಗಾಜಿನ ಒಳಮೈಗೂ ಡಯಲಿಗೂ ಬಿಳಿ ಪೊರೆ ಕಟ್ಟುತ್ತದೆ. ಮುಂದೆ ಬಳೆ ತೆಗೆಯಬೇಕಾದಾಗ ಕೇಸಿಗೂ ಗೀರು ಬೀಳುತ್ತದೆ. ಬಳೆಯೇ ಸೀಳಿದ್ದರೆ ಅಥವಾ ಅಪ್ಪಟ ಚಿನ್ನದ್ದಾದರೆ ಅದು ಅಕ್ಕಸಾಲಿಗರ ಬಳಿ ಹೋಗಬೇಕಾದ ಕೆಲಸ. ಕಾಯಿಸಿ ಬೆಸೆಯುವ ಕೈ ಅವರದ್ದು, ಅಂಟುವಾಳದ ನೀರಿನಲ್ಲಿ ತೊಳೆದು ಹೊಳಪು ಕೊಡುವ ಬಗೆಯೂ ಅವರದ್ದು. ಹರಳಿನ ಅಂಚಿನಿಂದ ಹುಟ್ಟಿದ ಬೆಜಲ್ ಹೀಗೆ ತವರಿಗೆ ಮರಳಿದಂತಾಗುತ್ತದೆ. ಲೇಪದ ಬಳೆಗೆ ಮಾತ್ರ ಬೆಂಕಿ ಆಗದು. ಸುಟ್ಟ ಲೇಪವನ್ನು ಸುತ್ತಿಗೆ, ಹೊಳಪು ಎರಡೂ ಮರಳಿ ತಾರವು.

1987ರಿಂದ ಹೊಸೂರಿನ ಟೈಟಾನ್ ವಾಚುಗಳು ಹರಡಿದವು. ಕ್ವಾರ್ಟ್ಜ್ ಯಂತ್ರಕ್ಕೆ ಕೀ ಕೊಡುವ, ಎಣ್ಣೆ ಹಾಕಿಸುವ ಗೋಜಿರಲಿಲ್ಲ, ಅಲ್ಲಿಗೆ ರಿಪೇರಿಯವರ ಮುಖ್ಯ ಆದಾಯವೇ ಕುಗ್ಗಿತು. ಬಳಿಕ ಮೊಬೈಲು ಬಂದು ಹೊತ್ತು ನೋಡುವ ಕೆಲಸವನ್ನೂ ವಾಚಿನಿಂದ ಕಿತ್ತುಕೊಂಡಿತು. ಆ ಪೆಟ್ಟಿಗೆಗಳ ಹಿಂದೆ ಈಗ ಹೆಚ್ಚಾಗಿ ನಡೆಯುವುದು ಸೆಲ್ಲು, ಬೆಲ್ಟು ಬದಲಿಸುವ ಕೆಲಸ. ಬಳೆ ಕೂರಿಸುವ ವಿದ್ಯೆ ಕಲಿಯಲು ಕಿರಿಯರು ಬರುತ್ತಿಲ್ಲದಿರುವುದು ಈ ಕಸುಬಿಗಾದ ದೊಡ್ಡ ನಷ್ಟ.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ಹಳೆಯ ಸೋನಾ, ಕಾಂಚನ್‌ಗಳಿಗೆ ಬಳೆ ಸಿಗುವುದು ಅಂಗಡಿಯಲ್ಲಿ ಉಳಿದ ಹಳೆ ದಾಸ್ತಾನಿನಿಂದ, ಇಲ್ಲವೇ ನಿಂತುಹೋದ ಇನ್ನೊಂದು ವಾಚಿನಿಂದ. ಬೀರುವಿನಲ್ಲಿ ಅಂಥ ವಾಚು ಇಟ್ಟುಕೊಂಡವರು, ಬಳೆ ಕಳಚಿದರೆ ಅದನ್ನು ಒತ್ತಿ ಕೂರಿಸಲು ಹೋಗದೆ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ವಾಚಿನ ಜೊತೆಗೇ ರಿಪೇರಿಯವರಿಗೆ ತಲುಪಿಸಬೇಕು.