ಚಿಗರಿ ಉಳಿದವು, ಎರೆಭೂತ ಉಳಿಯಲಿಲ್ಲ

2019ರಲ್ಲಿ ಬಂದ ‘ಪ್ಲಾನೆಟ್ ಝೂ’ ಎಂಬ ಕಂಪ್ಯೂಟರ್ ಆಟದಲ್ಲಿ ಮೃಗಾಲಯ ಕಟ್ಟಬೇಕು. ಹಾವುಗಳಿಗೆ ಎಷ್ಟು ಶಾಖ, ಎಷ್ಟು ತೇವ ಬೇಕೋ ಅಷ್ಟೇ ಇಡಬೇಕು. ಬಯಲಿನ ಪ್ರಾಣಿಯ ಜಾಗದಲ್ಲಿ ಗಿಡ ಹೆಚ್ಚಾದರೆ ಆಟವೇ ಎಚ್ಚರಿಸುತ್ತದೆ.

ನಮ್ಮ ಬ್ಯಾಡಗಿ ಪಕ್ಕದ ರಾಣೆಬೆನ್ನೂರಿನಲ್ಲಿ ಹಾಗೆ ಎಚ್ಚರಿಸುವವರು ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ, 1974ರಲ್ಲಿ ಅಲ್ಲಿನ 119 ಚದರ ಕಿ.ಮೀ. ಜಾಗ ಕೃಷ್ಣಮೃಗ ಅಭಯಾರಣ್ಯವಾಯಿತು. ಚಿಗರಿಗಳು ಉಳಿದು, ಸಾವಿರಗಟ್ಟಲೆ ಆದವು. ಆದರೆ ಹುಲ್ಲು, ಕುರುಚಲು ಇದ್ದ ನೆಲದಲ್ಲಿ ನೀಲಗಿರಿ ನೆಡುತೋಪುಗಳು ಹಬ್ಬಿದವು.

ಅದೇ ಬಯಲಲ್ಲಿ ಎರೆಭೂತವೂ ಇತ್ತು. ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಕಾಲಿಗೆ ಹಿಂಬೆರಳಿಲ್ಲ, ಹಾಗಾಗಿ ಟೊಂಗೆ ಹಿಡಿದು ಕೂರಲಾರದು. ಮಿಡತೆ, ಓತಿಕ್ಯಾತ ತಿನ್ನುತ್ತದೆ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಇಂಥ ಹಕ್ಕಿಗೆ ನೀಲಗಿರಿ ತೋಪಿನಲ್ಲಿ ಏನು ಕೆಲಸ? ಇಲ್ಲಿಂದ ಅದು ಮರೆಯಾಯಿತು. ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಆಟದಲ್ಲಾದರೆ ಅಳಿಸಿ ಮತ್ತೆ ಕಟ್ಟಬಹುದು. ಊರಿನ ಗೋಮಾಳ, ಹುಲ್ಲುಗಾವಲು ‘ಖಾಲಿ ಬಿದ್ದಿದೆ, ಗಿಡ ಹಚ್ಚೋಣ’ ಎಂದು ಯಾರಾದರೂ ಅಂದರೆ, ಅಲ್ಲಿ ಈಗಾಗಲೇ ಯಾವ ಜೀವ ಬದುಕಿದೆ ಎಂದು ಮೊದಲು ಕೇಳಿ.